ರಾಷ್ಟ್ರಪತಿಯ ಆಯ್ಕೆಯಲ್ಲಿ ನಮ್ಮ ಸೀಮೆಯ ಮತ



ಕಮಲಾಪುರದ ಕೆರೆಯ ಏರಿಯ ಮೇಲೆ ನಿಂತು ಹಂಪೆಯ ಕಡೆಗೆ ನೋಡುವವರಿಗೆ ಮೊದಲು ನೆನಪಾಗುವವರು ವಿಜಯನಗರದ ಅರಸರು. ಆ ಅರಸರನ್ನು ಪ್ರಜೆಗಳು ಆರಿಸಲಿಲ್ಲ. ಇಂದು ರಾಷ್ಟ್ರದ ಪ್ರಥಮ ಪ್ರಜೆಯನ್ನು ಆರಿಸುವ ಅಧಿಕಾರವು ಪ್ರಜೆಗಳದೇ ಆದರೂ ಅದು ನೇರವಾಗಿ ಅವರ ಕೈಯಲ್ಲಿಲ್ಲ. ಕೆರೆಯ ನೀರು ತೂಬಿನ ಮೂಲಕ ಗದ್ದೆಗೆ ಹರಿಯುವಂತೆ, ನಮ್ಮ ಮತವು ವಿಧಾನಸಭೆಯ ಮತ್ತು ಪಾರ್ಲಿಮೆಂಟಿನ ಚುನಾಯಿತ ಸದಸ್ಯರ ಮೂಲಕವೇ ಹರಿಯತಕ್ಕದ್ದು. ಈ ಸೀಮೆಯ ಮತವು ಯಾವ ಯಾವ ತೂಬಿನಿಂದ ಹರಿಯಿತೆಂಬುದನ್ನು ಈಗ ಅವಲೋಕಿಸೋಣ.

೧೯೫೨ರಲ್ಲಿ ಬಾಬು ರಾಜೇಂದ್ರ ಪ್ರಸಾದರು ೫,೦೭,೪೦೦ ಮತಗಳಿಂದ ಆಯ್ಕೆಯಾದಾಗ ಹೊಸಪೇಟೆ, ಕಂಪ್ಲಿ, ಕಮಲಾಪುರಗಳು ಮದರಾಸು ರಾಜ್ಯದಲ್ಲಿದ್ದವು. ಘೋರ್ಪಡೆ ಅರಸರ ಸಂಡೂರು ಸಂಸ್ಥಾನವೂ ೧೯೪೯ರಲ್ಲಿಯೇ ಆ ರಾಜ್ಯದಲ್ಲಿ ವಿಲೀನವಾಗಿತ್ತು. ಆದುದರಿಂದ ಕನ್ನಡನಾಡಿನ ಈ ಹಳೆಯ ರಾಜಧಾನಿಯ ಮತವು ಮದರಾಸಿನ ಲೆಕ್ಕದಲ್ಲಿ ಸೇರಿತು. ೧೯೫೩ರ ಅಕ್ಟೋಬರ್ ೧ರಂದು ಆಂಧ್ರರಾಜ್ಯವು ಹುಟ್ಟಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು. ಬಳ್ಳಾರಿ ಜಿಲ್ಲೆಯ ಉಳಿದ ಭಾಗವು ಮೈಸೂರಿಗೆ ಬಂದಿತು. ೧೯೫೭ರ ಚುನಾವಣೆಯಲ್ಲಿ ಅದೇ ಜನರ ಮತವು ಮೈಸೂರಿನ ಲೆಕ್ಕಕ್ಕೆ ಸೇರಿತು. ೧೯೭೩ರಲ್ಲಿ ರಾಜ್ಯದ ಹೆಸರು ಬದಲಾದುದರಿಂದ ೧೯೭೪ರಲ್ಲಿ ಅದು ಕರ್ನಾಟಕದ ಮತವೆನಿಸಿತು. ಊರು ಕದಲಲಿಲ್ಲ, ರಾಜ್ಯವು ಮಾತ್ರ ಬದಲಾಯಿತು.

ಈ ಚರಿತ್ರೆಯ ಅತ್ಯಂತ ತೀವ್ರವಾದ ಪ್ರಕರಣವು ೧೯೬೯ರದು. ಆ ವರ್ಷದ ಮೇ ೩ರಂದು ಜಾಕಿರ್ ಹುಸೇನರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಮಹಾಸಮಿತಿಯು ಸೇರಿತು. ಅದೇ ಸಂದರ್ಭದಲ್ಲಿ ನೀಲಂ ಸಂಜೀವ ರೆಡ್ಡಿಯವರು ಪಕ್ಷದ ಅಭ್ಯರ್ಥಿಯಾದರು. ಅವರು ನಮ್ಮ ನೆರೆಯ ಅನಂತಪುರ ಜಿಲ್ಲೆಯವರು. ಪಕ್ಷದ ಅಧ್ಯಕ್ಷರಾಗಿದ್ದ ಎಸ್. ನಿಜಲಿಂಗಪ್ಪನವರ ಹುಟ್ಟೂರು ಹಳೆಯ ಬಳ್ಳಾರಿ ಜಿಲ್ಲೆಯ ಹಲುವಾಗಲು. ಸ್ವತಂತ್ರವಾಗಿ ನಿಂತ ವಿ. ವಿ. ಗಿರಿಯವರಾದರೋ ೧೯೬೫ರಿಂದ ೧೯೬೭ರ ವರೆಗೆ ಮೈಸೂರಿನ ರಾಜ್ಯಪಾಲರಾಗಿದ್ದವರು. ಹೀಗೆ ಮೂವರೂ ನಮಗೆ ಪರಿಚಿತರೇ.

ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಅಂತಃಸಾಕ್ಷಿಯಂತೆ ಮತ ಕೊಡಬೇಕೆಂದು ಕರೆಯಿತ್ತರು. ಮೊದಲನೆಯ ಎಣಿಕೆಯಲ್ಲಿ ಯಾರಿಗೂ ಬೇಕಾದಷ್ಟು ಬಹುಮತ ದೊರೆಯಲಿಲ್ಲ. ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಕೂಡಿಸಿದ ಮೇಲೆ ಗಿರಿಯವರಿಗೆ ೪,೨೦,೦೭೭, ರೆಡ್ಡಿಯವರಿಗೆ ೪,೦೫,೪೨೭ ಮತಗಳಾದವು. ಅಂತರವು ೧೪,೬೫೦ ಮಾತ್ರ. ಆ ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ಸು ಇಬ್ಭಾಗವಾಯಿತು. ವೀರೇಂದ್ರ ಪಾಟೀಲರ ಮೈಸೂರು ಸರ್ಕಾರವು ನಿಜಲಿಂಗಪ್ಪನವರ ಪಕ್ಷದಲ್ಲಿ ಉಳಿಯಿತು. ಸೋತ ರೆಡ್ಡಿಯವರು ೧೯೭೭ರಲ್ಲಿ ಅವಿರೋಧವಾಗಿ ಆಯ್ಕೆಯಾದರು. ಅದಕ್ಕೆ ಮುಂಚೆ, ಆ ವರ್ಷದ ಫೆಬ್ರವರಿಯಿಂದ ಜುಲೈ ವರೆಗೆ, ಹಂಗಾಮಿಯಾಗಿ ಆ ಪೀಠದಲ್ಲಿದ್ದವರು ಮೈಸೂರಿನ ಮುಖ್ಯಮಂತ್ರಿಯಾಗಿದ್ದ ಬಿ. ಡಿ. ಜತ್ತಿಯವರು.

ಇನ್ನು ಮತದ ತೂಕದ ವಿಚಾರ. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದುದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕರ ಮತದ ಬೆಲೆ ದೊರೆಯುತ್ತದೆ. ೧೯೭೧ರ ಜನಗಣತಿಯಂತೆ ಕರ್ನಾಟಕದ ಜನ ೨,೯೨,೯೯,೦೧೪, ಶಾಸಕರು ೨೨೪, ಬೆಲೆ ೧೩೧. ಉತ್ತರಪ್ರದೇಶದ ಶಾಸಕರ ಮತಕ್ಕೆ ೨೦೮, ಸಿಕ್ಕಿಮಿನವರದಕ್ಕೆ ೭. ೧೯೭೧ರ ಆ ಅಂಕಿಯನ್ನೇ ೨೦೨೬ರ ಅನಂತರದ ಮೊದಲ ಜನಗಣತಿಯ ವರೆಗೆ ಹಿಡಿಯಬೇಕೆಂಬುದು ಸಂವಿಧಾನದ ಕಟ್ಟಳೆ. ೨೦೧೧ರ ಗಣತಿಯಲ್ಲಿ ನಮ್ಮ ಸಂಖ್ಯೆಯು ಆರು ಕೋಟಿಯನ್ನು ಮೀರಿದ್ದರೂ ಈ ತಕ್ಕಡಿಯಲ್ಲಿ ನಾವು ಮೂರು ಕೋಟಿಗೂ ಕಡಿಮೆ.

ಈ ಮತವು ಗುಪ್ತವಾದುದು. ಪಕ್ಷಗಳು ಇದಕ್ಕೆ ವಿಪ್ ಹೊರಡಿಸುವಂತಿಲ್ಲ. ಶಾಸಕನು ನಿರ್ಭಯನಾಗಿ ವಿವೇಚಿಸಲೆಂಬುದೇ ಇದರ ಉದ್ದೇಶ. ಆದರೆ ಅದೇ ಕಾರಣದಿಂದ, ನನ್ನ ಹೆಸರಿನಲ್ಲಿ ಯಾರಿಗೆ ಮತ ಸಂದಿತೆಂಬುದನ್ನು ಕಮಲಾಪುರದ ರೈತನು ಎಂದಿಗೂ ಅರಿಯಲಾರನು. ಗುಟ್ಟಿಲ್ಲದಿದ್ದರೆ ಅಂತಃಸಾಕ್ಷಿಗೆ ರಕ್ಷಣೆಯಿಲ್ಲ. ಗುಟ್ಟಿದ್ದರೆ ಮತದಾರನಿಗೆ ಲೆಕ್ಕವಿಲ್ಲ. ಈ ಎರಡರಲ್ಲಿ ಸಂವಿಧಾನವು ಮೊದಲನೆಯದನ್ನು ಆರಿಸಿಕೊಂಡಿದೆ. ಆ ನಂಬಿಕೆಗೆ ಯೋಗ್ಯರಾದವರನ್ನು ವಿಧಾನಸಭೆಗೆ ಕಳುಹಿಸುವುದೊಂದೇ ನಮಗುಳಿದ ಉಪಾಯ. ತೂಬು ಕಾಯುವವನನ್ನು ನೋಡಿ ನೇಮಿಸಿಕೊಂಡರೆ ನೀರಿನ ಚಿಂತೆ ಅರ್ಧ ಕಳೆದಂತೆಯೇ ಸರಿ.