ಒಬ್ಬರ ವೈಫೈ ಊರಿಗೆಲ್ಲ: ಹಂಚಿಕೆ ಹಾಟ್‌ಸ್ಪಾಟ್ ಎಲ್ಲೆಲ್ಲಿ ಸಿಗುತ್ತೆ? ಹುಡುಕೋದು ಹೇಗೆ?

ವಿದೇಶಕ್ಕೆ ಓದಲು, ಕೆಲಸಕ್ಕೆ ಹೋದವರಿಗೆ ವಿಮಾನ ಇಳಿದ ತಕ್ಷಣ ಮೊದಲು ಬೇಕಾಗೋದು 'ತಲುಪಿದೆ' ಅಂತ ಮನೆಗೆ ಮೆಸೇಜ್ ಹಾಕಲು ನೆಟ್. ಅಲ್ಲಿನ ಸಿಮ್ ಸಿಗುವವರೆಗೆ ವೈಫೈ ಒಂದು ಸುಲಭ ದಾರಿ. ಕೆಲವು ದೇಶಗಳಲ್ಲಿ ಜನರೇ ತಮ್ಮ ಮನೆಯ ವೈಫೈಯನ್ನು ಬೇರೆಯವರ ಜೊತೆ ಹಂಚಿಕೊಳ್ಳುವ ವ್ಯವಸ್ಥೆ ಇದೆ. ಅದರ ಪೂರ್ತಿ ಮಾಹಿತಿ ಇಲ್ಲಿದೆ.

ಶುರುವಾಗಿದ್ದು ಎಲ್ಲಿ?

ಈ ಐಡಿಯಾವನ್ನು ದೊಡ್ಡ ಮಟ್ಟದಲ್ಲಿ ವ್ಯಾಪಾರ ಮಾಡಿದ್ದು ಸ್ಪೇನ್‌ನ ಫಾನ್ ಕಂಪನಿ. 2005ರಲ್ಲಿ ಮಾರ್ಟಿನ್ ವರ್ಸಾವ್‌ಸ್ಕಿ ಇದನ್ನು ಕಟ್ಟಿದರು. ಒಂದೇ ರೂಟರ್‌ನಿಂದ ಎರಡು ಸಿಗ್ನಲ್: ಒಂದು ಮನೆಯವರಿಗೆ, ಇನ್ನೊಂದು ಹೊರಗಿನವರಿಗೆ. ತನ್ನ ವೈಫೈ ಹಂಚಿದವನಿಗೆ ಬೇರೆ ಸದಸ್ಯರ ವೈಫೈ ಫ್ರೀ. ಹಂಚದವರು ದುಡ್ಡು ಕೊಡಬೇಕಿತ್ತು. ಮುಯ್ಯಿಗೆ ಮುಯ್ಯಿ ಲೆಕ್ಕ, ಅಷ್ಟೇ.

ಸ್ಪೇನ್: ರೈತರ ನಾಡಿನ ಗಿಫಿ

ಕೆಟಲೋನಿಯಾದ ಒಸೋನಾ ಭಾಗದ ಹಳ್ಳಿಗಳಿಗೆ ಕಂಪನಿಗಳು ಸರಿಯಾದ ಬ್ರಾಡ್‌ಬ್ಯಾಂಡ್ ಕೊಡಲಿಲ್ಲ. 2004ರಲ್ಲಿ ಜನರೇ ಮನೆ ಮೇಲೆ ಆಂಟೆನಾ ಹಾಕಿ ಒಂದರಿಂದ ಇನ್ನೊಂದಕ್ಕೆ ಸಂಪರ್ಕ ಕೊಟ್ಟುಕೊಂಡರು. ಅದೇ ಗಿಫಿ ಡಾಟ್ ನೆಟ್. ಈಗ 35 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ, ಫೈಬರ್ ಕೂಡ ಬಂದಿದೆ. ಎಲ್ಲಿ ಕೇಂದ್ರ ಇದೆ ಅಂತ ಅವರ ವೆಬ್‌ಸೈಟ್‌ನ ನಕ್ಷೆಯಲ್ಲೇ ಕಾಣುತ್ತೆ.

ಜರ್ಮನಿ: ಪಾಸ್‌ವರ್ಡ್ ಕೇಳದ ಫ್ರೈಫಂಕ್

ಬರ್ಲಿನ್‌ನಲ್ಲಿ ಶುರುವಾದ ಫ್ರೈಫಂಕ್ ಸ್ವಯಂಸೇವಕರ ಜಾಲ. ಫೋನ್‌ನಲ್ಲಿ 'ಫ್ರೈಫಂಕ್' ಅನ್ನೋ ಹೆಸರು ಕಂಡರೆ ಸಾಕು, ಲಾಗಿನ್ ಇಲ್ಲದೆ ಕನೆಕ್ಟ್ ಆಗಬಹುದು. ಆದರೆ ಹಂಚಿದವರಿಗೆ ಕಷ್ಟ ಇತ್ತು. ಯಾರೋ ಕದ್ದ ಸಿನಿಮಾ ಡೌನ್‌ಲೋಡ್ ಮಾಡಿದರೂ ವೈಫೈ ಮಾಲೀಕನಿಗೇ ನೋಟಿಸ್ ಬರುತ್ತಿತ್ತು. 2017ರ ಕಾನೂನು ತಿದ್ದುಪಡಿ ಈ ಹೊರೆ ಇಳಿಸಿತು.

ವಿದ್ಯಾರ್ಥಿಗಳಿಗೆ ಎಡುರೋಮ್

2003ರ ಸುಮಾರಿಗೆ ಯುರೋಪ್‌ನಲ್ಲಿ ಶುರುವಾದ ಎಡುರೋಮ್ ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ತಮ್ಮ ಕಾಲೇಜಿನ ಐಡಿ, ಪಾಸ್‌ವರ್ಡ್ ಹಾಕಿದರೆ ಬೇರೆ ದೇಶದ ವಿಶ್ವವಿದ್ಯಾಲಯದಲ್ಲೂ ನೆಟ್ ಸಿಗುತ್ತೆ. ಭಾರತದಲ್ಲಿ ಇದನ್ನು ಅರ್ನೆಟ್ ಸಂಸ್ಥೆ ನೋಡಿಕೊಳ್ಳುತ್ತದೆ. ಹೊರಡುವ ಮೊದಲು ಊರಿನಲ್ಲೇ ಸೆಟ್ ಮಾಡಿಕೊಂಡು ಹೋಗುವುದು ಒಳ್ಳೆಯದು.

ನಮ್ಮಲ್ಲಿ ಏನಿದೆ?

ಭಾರತದಲ್ಲಿ ಬಾಗಿಲು ತೆರೆದಿಟ್ಟಂತೆ ವೈಫೈ ಬಿಡೋ ಹಾಗಿಲ್ಲ. 2008ರಲ್ಲಿ ಅಹಮದಾಬಾದ್ ಸ್ಫೋಟದ ಇ-ಮೇಲ್ ಹೋಗಿದ್ದು ಪಾಸ್‌ವರ್ಡ್ ಇಲ್ಲದ ಒಂದು ಮನೆಯ ವೈಫೈನಿಂದ. ಮನೆಯವರು ತನಿಖೆ ಎದುರಿಸಬೇಕಾಯಿತು. ಆಮೇಲೆ ನಿಯಮ ಬಿಗಿಯಾಯಿತು, ಬಳಸುವವರ ಗುರುತು ಕಡ್ಡಾಯವಾಯಿತು.

2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಟೀ ಅಂಗಡಿ, ಕಿರಾಣಿ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ವೈಫೈ ಕೊಡಬಹುದು. ಗ್ರಾಹಕರು ಆ್ಯಪ್‌ನಲ್ಲಿ ಒಮ್ಮೆ ನೋಂದಾಯಿಸಿಕೊಂಡರೆ ಹತ್ತಿರದ ಹಾಟ್‌ಸ್ಪಾಟ್ ಕಾಣುತ್ತವೆ. 6 ಸಾವಿರಕ್ಕೂ ಹೆಚ್ಚು ರೈಲು ನಿಲ್ದಾಣಗಳಲ್ಲಿ ರೈಲ್‌ವೈರ್ ವೈಫೈ ಇದ್ದು, ಒಟಿಪಿ ಹಾಕಿದರೆ ಮೊದಲ ಅರ್ಧ ಗಂಟೆ ಉಚಿತ.

ಇಷ್ಟು ನೆನಪಿರಲಿ

- ಹೊರಡುವ ಮೊದಲೇ ಆ ಊರಿನ ಆಫ್‌ಲೈನ್ ನಕ್ಷೆ ಡೌನ್‌ಲೋಡ್ ಮಾಡಿಕೊಳ್ಳಿ. ನೆಟ್ ಹುಡುಕೋಕೂ ನೆಟ್ ಬೇಕು!
- ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ವೈಫೈ ಇರುವ ಹೋಟೆಲ್, ಗ್ರಂಥಾಲಯಗಳ ಗುರುತು ಇರುತ್ತೆ.
- ಒಂದೇ ಹೆಸರಿನ ನಕಲಿ ವೈಫೈ ಇರಬಹುದು. ಅಲ್ಲಿನವರನ್ನು ಕೇಳಿ ಕನೆಕ್ಟ್ ಆಗಿ.
- ಯುಪಿಐ, ಬ್ಯಾಂಕ್ ಕೆಲಸಕ್ಕೆ ಸ್ವಂತ ಮೊಬೈಲ್ ಡೇಟಾನೇ ಬಳಸಿ.
- ಕೆಲಸ ಮುಗಿದ ಮೇಲೆ ಆ ನೆಟ್‌ವರ್ಕ್ ಅನ್ನು ಫೋನ್‌ನಿಂದ ತೆಗೆದುಹಾಕಿ.
- ಮನೆ ವೈಫೈಗೆ ಪಾಸ್‌ವರ್ಡ್ ಇಡಿ. ನೆಂಟರಿಗೆ ಕೊಡುವುದಿದ್ದರೆ ರೂಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿ. ಯಾರೋ ಮಾಡಿದ ತಪ್ಪಿಗೆ ಪೊಲೀಸರು ಮೊದಲು ಬರೋದು ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರ ಮನೆಗೇ.