ದೊರೆಯೇ ಅಪರಾಧಿಯಾದಾಗ: ಜಾಕೋಬಿಯನ್ ಸೇಡಿನ ನಾಟಕಗಳು

ಥಾಮಸ್ ಕಿಡ್ ಸುಮಾರು 1587ರಲ್ಲಿ ಬರೆದ ‘ದಿ ಸ್ಪ್ಯಾನಿಷ್ ಟ್ರ್ಯಾಜಿಡಿ’ಯಲ್ಲಿ ಒಂದು ದೃಶ್ಯವಿದೆ. ಹಿಯರೋನಿಮೋ ರಾಜ್ಯದ ನ್ಯಾಯಾಧಿಕಾರಿ. ಅವನ ಮಗನನ್ನು ಅವನದೇ ತೋಟದಲ್ಲಿ ನೇಣು ಹಾಕಿ ಇರಿದಿದ್ದಾರೆ. ಕೊಲೆಗಾರರಲ್ಲಿ ಒಬ್ಬ ದೊರೆಯ ತಮ್ಮನ ಮಗ. ಇನ್ನೊಬ್ಬ ಪೋರ್ಚುಗಲ್‌ನ ರಾಜಕುಮಾರ. ಹೀಗಿರುವಾಗ ಕಕ್ಷಿದಾರರು ಅರ್ಜಿ ಹಿಡಿದು ಅವನ ಬಳಿಗೇ ಬರುತ್ತಾರೆ. ಅವರಲ್ಲೊಬ್ಬ ಮುದುಕ, ಮಗನನ್ನು ಕೊಂದವರ ಮೇಲೆ ದೂರು ತಂದಿದ್ದಾನೆ. ಹಿಯರೋನಿಮೋ ಆ ಕಾಗದಗಳನ್ನೆಲ್ಲ ಹಲ್ಲಿನಿಂದ ಹರಿದು ಚೂರು ಮಾಡುತ್ತಾನೆ. ರಕ್ತ, ಪ್ರೇತ, ಹೆಣಗಳ ರಾಶಿ ಎಂದು ಸೇಡಿನ ನಾಟಕಗಳನ್ನು ಹೀಗಳೆಯುವವರು ಮರೆಯುವುದು ಇದನ್ನೇ: ಇವುಗಳ ನಿಜವಾದ ವಸ್ತು ನ್ಯಾಯಾಲಯ.

ಈ ನಾಟಕಗಳ ಬೇರು ರೋಮ್‌ನಲ್ಲಿದೆ. ನೀರೋ ಚಕ್ರವರ್ತಿಯ ಗುರುವಾಗಿದ್ದ ಸೆನೆಕನ ಹೆಸರಿನಲ್ಲಿದ್ದ ಹತ್ತು ದುರಂತ ನಾಟಕಗಳ ಇಂಗ್ಲಿಷ್ ಅನುವಾದ 1581ರಲ್ಲಿ ಒಟ್ಟಾಗಿ ಅಚ್ಚಾಯಿತು. ಪ್ರೇತ, ಹುಚ್ಚು, ಮಕ್ಕಳ ಮಾಂಸವನ್ನು ತಂದೆಗೇ ಬಡಿಸುವ ಔತಣ ಇವೆಲ್ಲ ಅಲ್ಲಿಂದ ಬಂದವು. ಸೆನೆಕನ ಮಾದರಿಯ ಮೊದಲ ಇಂಗ್ಲಿಷ್ ದುರಂತ ‘ಗೋರ್ಬೊಡಕ್’ ಆಡಲ್ಪಟ್ಟದ್ದು ಲಂಡನ್ನಿನ ಇನ್ನರ್ ಟೆಂಪಲ್‌ನಲ್ಲಿ, ಅಂದರೆ ವಕೀಲರ ಅಂಗಳದಲ್ಲಿ.

ಆ ಕಾಲದಲ್ಲೂ ಸೇಡು ಮತ್ತು ನ್ಯಾಯ ಹೀಗೇ ತಿಕ್ಕಾಡುತ್ತಿದ್ದವು. ಸೇಡು ದೇವರಿಗೆ ಬಿಟ್ಟದ್ದು ಎಂದು ಚರ್ಚು ಹೇಳಿದರೆ, ಅದು ಬರೀ ಕೊಲೆ ಎಂದು ಕಾನೂನು ಹೇಳುತ್ತಿತ್ತು. ಆದರೆ ಮಾನಕ್ಕಾಗಿ ಕತ್ತಿ ಹಿರಿಯುವ ಕುಲೀನರು ಎರಡನ್ನೂ ಲೆಕ್ಕಕ್ಕಿಡಲಿಲ್ಲ. 1603ರಲ್ಲಿ ಪಟ್ಟಕ್ಕೆ ಬಂದ ಒಂದನೇ ಜೇಮ್ಸ್ (ಇವನ ಆಳ್ವಿಕೆಯ ಕಾಲವೇ ‘ಜಾಕೋಬಿಯನ್’) ದ್ವಂದ್ವಯುದ್ಧಗಳ ವಿರುದ್ಧ 1614ರಲ್ಲಿ ಶಾಸನ ಹೊರಡಿಸಬೇಕಾಯಿತು. ಮರುವರ್ಷವೇ ಅವನ ಮೆಚ್ಚಿನ ರಾಬರ್ಟ್ ಕಾರ್ ಮತ್ತು ಅವನ ಹೆಂಡತಿ, ಕಾರ್‌ನ ಗೆಳೆಯನಾಗಿದ್ದ ಥಾಮಸ್ ಓವರ್‌ಬರಿಗೆ ವಿಷವಿಕ್ಕಿಸಿದ ಆರೋಪದಲ್ಲಿ ಸಿಕ್ಕಿಬಿದ್ದರು. ಸಹಾಯ ಮಾಡಿದ ಸಣ್ಣವರು ನೇಣಿಗೇರಿದರು. ಅಪರಾಧಿಗಳೆಂದು ತೀರ್ಪಾದರೂ ದಂಪತಿಗೆ ದೊರೆಯ ಕ್ಷಮೆ ದೊರೆಯಿತು. ಅರಮನೆಯನ್ನು ನೇರವಾಗಿ ಟೀಕಿಸಲು ಸೆನ್ಸಾರ್ ಬಿಡುತ್ತಿರಲಿಲ್ಲ. ಹಾಗಾಗಿ ಕಥೆ ಇಟಲಿಯದೋ ಸ್ಪೇನಿನದೋ ಆಗುತ್ತಿತ್ತು.

‘ಹ್ಯಾಮ್ಲೆಟ್’ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಿಲ್ಲ. ಕುವೆಂಪು ಅದನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ ಮಾಡಿದ್ದು ನಮ್ಮ ಓದುಗರಿಗೆ ಗೊತ್ತು. ‘ಹ್ಯಾಮ್ಲೆಟ್’ ನಂತರ ಬಂದವರಲ್ಲಿ ಪ್ರೇತ ಹಿಂದೆ ಸರಿದು, ಕಹಿ ನಗು ಮುಂದೆ ಬಂತು. ಲೇಖಕನ ಹೆಸರಿಲ್ಲದೆ 1607ರಲ್ಲಿ ಅಚ್ಚಾದ ‘ದಿ ರಿವೆಂಜರ್ಸ್ ಟ್ರ್ಯಾಜಿಡಿ’ ಇದಕ್ಕೆ ಸಾಕ್ಷಿ. ಬಹುಕಾಲ ಸಿರಿಲ್ ಟರ್ನರ್‌ನದೆಂದು ನಂಬಿದ್ದ ಇದನ್ನು ಈಗ ಬಹುತೇಕ ವಿದ್ವಾಂಸರು ಥಾಮಸ್ ಮಿಡಲ್‌ಟನ್‌ನದೆನ್ನುತ್ತಾರೆ. ನಾಯಕ ವಿಂಡಿಚೆ, ಮುದಿ ಡ್ಯೂಕ್ ವಿಷವಿಕ್ಕಿ ಕೊಂದ ತನ್ನ ಪ್ರೇಯಸಿಯ ತಲೆಬುರುಡೆಯನ್ನು ಕಾಪಿಟ್ಟುಕೊಂಡಿದ್ದಾನೆ. ಅದಕ್ಕೆ ಹೆಣ್ಣಿನ ಉಡುಗೆ ತೊಡಿಸಿ, ಬಾಯಿಗೆ ವಿಷ ಬಳಿದು, ಕತ್ತಲಲ್ಲಿ ನಿಲ್ಲಿಸುತ್ತಾನೆ, ಡ್ಯೂಕ್ ಮುತ್ತಿಡುತ್ತಾನೆ. ಇದೇ ನಾಟಕದಲ್ಲಿ ಅತ್ಯಾಚಾರದ ವಿಚಾರಣೆ ತೀರ್ಪಿನ ಹೊಸ್ತಿಲಿಗೆ ಬಂದಾಗ, ಆರೋಪಿ ತನ್ನ ಹೆಂಡತಿಯ ಮಗನೆಂದು ಡ್ಯೂಕ್ ಅದನ್ನು ಮುಂದೂಡುತ್ತಾನೆ. ನನಗೆ ಬುರುಡೆಗಿಂತ ಭಯಂಕರವಾಗಿ ಕಾಣುವುದು ಆ ಮುಂದೂಡಿಕೆ.

ಜಾನ್ ವೆಬ್‌ಸ್ಟರ್ 1612ರ ‘ದಿ ವೈಟ್ ಡೆವಿಲ್’ನಲ್ಲಿ ನ್ಯಾಯಾಲಯವನ್ನೇ ರಂಗಕ್ಕೆ ತಂದ. 1585ರಲ್ಲಿ ಪಾದುವಾದಲ್ಲಿ ಕೊಲೆಯಾದ ವಿಟ್ಟೋರಿಯಾ ಅಕೊರಂಬೋನಿಯ ಕಥೆ ಅದು. ಅವಳ ವಿಚಾರಣೆಯಲ್ಲಿ ಕಾರ್ಡಿನಲ್ ಮೊಂಟಿಚೆಲ್ಸೊ ನ್ಯಾಯಾಧೀಶನೂ ಹೌದು, ಆರೋಪ ಹೊರಿಸುವವನೂ ಹೌದು. ವಕೀಲ ಲ್ಯಾಟಿನ್‌ನಲ್ಲಿ ಶುರುಮಾಡಿದರೆ, ನೆರೆದ ಜನಕ್ಕೆ ತಿಳಿಯುವ ಮಾತಿನಲ್ಲಿ ಹೇಳಲಿ ಎಂದು ವಿಟ್ಟೋರಿಯಾ ತಡೆಯುತ್ತಾಳೆ. ಅವಳು ತಪ್ಪಿತಸ್ಥೆಯೇ. ಆದರೂ ಪ್ರೇಕ್ಷಕ ಅವಳ ಪರ ವಹಿಸುತ್ತಾನೆ. ಚಳಿಗಾಲದಲ್ಲಿ ರೆಡ್ ಬುಲ್ ರಂಗಮಂದಿರದಲ್ಲಿ ನಾಟಕ ಬಿದ್ದುಹೋಯಿತು. ಮುನ್ನುಡಿಯಲ್ಲಿ ವೆಬ್‌ಸ್ಟರ್ ಪ್ರೇಕ್ಷಕರನ್ನು ಬೈದುಕೊಂಡ. ಮುಂದಿನ ‘ದಿ ಡಚೆಸ್ ಆಫ್ ಮಾಲ್ಫಿ’ ಮೇಣದ ಬತ್ತಿ ಬೆಳಕಿನ ಬ್ಲ್ಯಾಕ್‌ಫ್ರೈಯರ್ಸ್‌ಗೆ ಹೇಳಿಮಾಡಿಸಿದಂತಿತ್ತು. ಅಲ್ಲಿ ಡಚೆಸ್‌ಳ ಅವಳಿ ಸಹೋದರ ದೀಪವಿಲ್ಲದ ಕೋಣೆಯಲ್ಲಿ ಅವಳ ಕೈಗೆ ಸತ್ತ ಕೈಯೊಂದನ್ನು ಕೊಡುತ್ತಾನೆ. ಅವಳನ್ನು ಕೊಲ್ಲಿಸಿದ ಕೂಲಿಯಾಳು ಬೊಸೊಲನೇ ಕೊನೆಗೆ ಅವಳ ಪರವಾಗಿ ಸೇಡು ತೀರಿಸಹೊರಡುವುದು ಈ ಪರಂಪರೆಯ ದೊಡ್ಡ ತಿರುವು. ಅವನ ಒಡೆಯನಾದ ಆ ಸಹೋದರ ಸಂಬಳವನ್ನೂ ಕೊಡದೆ ಅವನನ್ನು ಅಟ್ಟಿದ್ದ.

ಆಮೇಲೆ ಈ ಪರಂಪರೆಯ ಕಸುವು ಇಳಿಯಿತು. 1622ರ ‘ದಿ ಚೇಂಜ್‌ಲಿಂಗ್’ನಲ್ಲಿ ಸೇಡು ಬದಿಗೆ ಸರಿದು, ಕಾಮ ಮತ್ತು ಬ್ಲ್ಯಾಕ್‌ಮೇಲ್ ನಡುವೆ ಬಂದು ಕೂತವು. ಜೇಮ್ಸ್ ಷರ್ಲಿಯ ‘ದಿ ಕಾರ್ಡಿನಲ್’ 1641ರಲ್ಲಿ ಬಂದಾಗ ಹಳೆಯ ಸಲಕರಣೆಗಳೆಲ್ಲ ಇದ್ದವು, ಹೊಸ ಪ್ರಶ್ನೆ ಇರಲಿಲ್ಲ. ಮರುವರ್ಷ ಪಾರ್ಲಿಮೆಂಟು ರಂಗಮಂದಿರಗಳ ಬಾಗಿಲು ಮುಚ್ಚಿಸಿತು.