ಥಾಣೆ ಸೀಮೆಯ ಶಿಲಾಹಾರ ಕಲ್ಲುಗಳು

ಶಾಸನಗಳು ಹೇಳುವ ‘ಶ್ರೀಸ್ಥಾನಕ’ವೇ ಇಂದಿನ ಥಾಣೆ. ಸುಮಾರು ಕ್ರಿ.ಶ. 800ರಿಂದ 1265ರವರೆಗೆ ಉತ್ತರ ಕೊಂಕಣವನ್ನಾಳಿದ ಶಿಲಾಹಾರರ ಪ್ರಮುಖ ನಗರವಿದು.

ಈ ಅರಸರು ಮೊದಲು ರಾಷ್ಟ್ರಕೂಟರ ಸಾಮಂತರು. ಮಾನ್ಯಖೇಟದಿಂದ, ಅಂದರೆ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಹೆಸರು ಕಾನ್ಹೇರಿ ಗುಹೆಗಳ 9ನೇ ಶತಮಾನದ ಶಾಸನಗಳಲ್ಲಿ ಸಿಗುತ್ತದೆ. ‘ಕವಿರಾಜಮಾರ್ಗ’ ಹುಟ್ಟಿದ್ದು ಅವನ ಆಸ್ಥಾನದಲ್ಲೇ.

ಈ ಸೀಮೆಯ ಹಳ್ಳಿಗಳಲ್ಲಿ, ದಾರಿಬದಿಯಲ್ಲಿ ಸಿಗುವ ಒಂದು ಬಗೆಯ ದಾನಕಲ್ಲಿಗೆ ಮರಾಠಿಯಲ್ಲಿ ‘ಗಧೇಗಳ’ ಎಂಬ ಹೆಸರು. ಮೇಲೆ ಸೂರ್ಯ, ಚಂದ್ರ. ನಡುವೆ ದಾನದ ಬರಹ. ಕೆಳಗೆ ಕತ್ತೆಯ ಕೆತ್ತನೆ. ದಾನದ ಭೂಮಿಯನ್ನು ಕಬಳಿಸುವವರಿಗೆ ಹಾಕಿದ ಕಟು ಶಾಪವದು. ಓದು ಬಾರದವರಿಗೂ ಚಿತ್ರವೇ ಎಚ್ಚರಿಕೆಯಾಗುತ್ತಿತ್ತು. ಸೂರ್ಯಚಂದ್ರರಿರುವ ತನಕ ದಾನ ನಡೆಯಲಿ ಎಂಬ ಇದೇ ಆಶಯ ಕರ್ನಾಟಕದ ಶಾಸನಗಳಲ್ಲೂ ಇದೆ.

ಕಲ್ಯಾಣದ ಸಮೀಪದ ಅಂಬರನಾಥ ಶಿವಾಲಯದ ಶಾಸನ ಶಕ ವರ್ಷ 982ರದು (ಕ್ರಿ.ಶ. 1060). ಶಿಲಾಹಾರ ದೊರೆ ಮುಮ್ಮುಣಿಯ ಹೆಸರು ಅದರಲ್ಲಿದೆ.

ದಯವಿಟ್ಟು ಇಂಥ ಕಲ್ಲುಗಳಿಗೆ ಎಣ್ಣೆ, ಕುಂಕುಮ, ಬಣ್ಣ ಹಚ್ಚಬೇಡಿ, ಅಕ್ಷರಗಳು ಮುಚ್ಚಿಹೋಗುತ್ತವೆ. ಹೊಸ ಕಲ್ಲು ಕಂಡರೆ ಅಲ್ಲಿಂದ ಕದಲಿಸದೆ ಪುರಾತತ್ವ ಇಲಾಖೆಗೆ ತಿಳಿಸಿ.